ಕಥೆ ಬರೆಯೋರಿಗಾದರೂ ಗೊತ್ತಿರುತ್ತಾ?

ಪ್ರಶ್ನೆ: ನಾನು ವಿಜಯನಗರದಲ್ಲಿರುವವಳು. ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. ಮೂರು ವರ್ಷದಿಂದ ಅತ್ತೆಯ ಜೊತೆ ಕೂತು ಒಂದು ಧಾರಾವಾಹಿ ನೋಡುತ್ತಿದ್ದೇನೆ. ಮೊದಲ ವಾರದಲ್ಲೇ ನಾಯಕಿಯ ಕೊರಳಲ್ಲಿ ಅರ್ಧ ಲಾಕೆಟ್ ತೋರಿಸಿದರು. ಇನ್ನರ್ಧ ಯಾರ ಹತ್ತಿರ ಇದೆ ಅನ್ನುವುದೇ ಕಥೆ ಅಂದುಕೊಂಡೆವು. ಆಮೇಲೆ ಒಂದೂವರೆ ವರ್ಷ ಲಾಕೆಟ್ಟಿನ ಸುದ್ದಿಯೇ ಇಲ್ಲ. ಈಗ ದಿಢೀರ್ ಅಂತ ನಾಯಕಿ ಆ ಮನೆಯ ಮಗಳೇ ಅಲ್ಲ ಅನ್ನುತ್ತಿದ್ದಾರೆ. ಹಾಗಾದರೆ ಲಾಕೆಟ್ ಕಥೆ ಏನಾಯಿತು? "ಬರೆಯೋರಿಗಾದರೂ ಗೊತ್ತಿರುತ್ತೇನಮ್ಮಾ?" ಅಂತ ಅತ್ತೆ ಕೇಳುತ್ತಾರೆ.

ಇನ್ನೊಂದು ನನ್ನದೇ ಪಾಡು. ನಾನೂ ಒಂದು ಕಥೆ ಬರೆಯುತ್ತಿದ್ದೇನೆ. ಮಧುಗಿರಿ ಕಡೆಯ ಒಂದು ಮನೆ. ಹಿತ್ತಲಲ್ಲಿ ಮುಚ್ಚಿದ ಬಾವಿ. ಆ ಮನೆಯ ಸೊಸೆಯರಿಗೆ ಒಂದು ಶಾಪ. ಮೂರು ತಲೆಮಾರಿನ ಕಥೆ. 1943ರಿಂದ ಇವತ್ತಿನವರೆಗೆ ಏನೇನಾಯಿತು ಅಂತ 38 ಪುಟ ಮಾಡಿಟ್ಟಿದ್ದೇನೆ. 27 ಜನರ ವಂಶವೃಕ್ಷ ಇದೆ. ಕಂತು ಮಾತ್ರ ಒಂದೂ ಬರೆಯಲು ಆಗಿಲ್ಲ. ಈ ಲೈನಿನಲ್ಲೇ ಇರುವ ಗೆಳತಿಯೊಬ್ಬಳು "ಅದನ್ನೆಲ್ಲ ಹರಿದು ಹಾಕು, ಸೀರಿಯಲ್ ಬರೆಯೋದು ಟಿಆರ್‌ಪಿ" ಅನ್ನುತ್ತಾಳೆ. ಹೊರದೇಶದ ಸರಣಿಗಳಲ್ಲಿ ಎಲ್ಲವೂ ಮೊದಲೇ ಪ್ಲಾನ್ ಆಗಿರುತ್ತದಂತೆ. ಯಾವುದು ನಿಜ? ನಾನೇನು ಮಾಡಲಿ?

ಉತ್ತರ: ನಿಮ್ಮ ಅತ್ತೆ ಕೇಳಿದ್ದನ್ನೇ ನಮ್ಮಮ್ಮನೂ ಕೇಳುತ್ತಿದ್ದರು. ಅದೂ ನಾನೇ ಬರೆಯುತ್ತಿದ್ದ ಧಾರಾವಾಹಿ ನೋಡಿಕೊಂಡು, ಹುರುಳಿಕಾಯಿ ನಾರು ತೆಗೆಯುತ್ತಾ. "ಅವಳಿಗೆ ಯಾವಾಗ ಗೊತ್ತಾಗತ್ತೋ?" ಅನ್ನೋರು. "ನೋಡ್ತಿರಮ್ಮ, ಗೊತ್ತಾಗತ್ತೆ" ಅಂತ ನಾನು ದೊಡ್ಡ ಮನುಷ್ಯನ ಹಾಗೆ ಹೇಳುತ್ತಿದ್ದೆ. ಎಷ್ಟೋ ಸಲ ನನಗೂ ಗೊತ್ತಿರುತ್ತಿರಲಿಲ್ಲ.

ನೀವು ಎರಡು ಪ್ರಶ್ನೆ ಕೇಳಿದ ಹಾಗೆ ಕಂಡರೂ ಒಳಗಿನ ಅಳುಕು ಒಂದೇ. ನೋಡುವವರಾಗಿ ನಿಮಗೆ ಬೇಜಾರು: ಕಥೆ ಗೊತ್ತಿಲ್ಲದೆಯೇ ನಮ್ಮನ್ನು ಮೂರು ವರ್ಷ ಕೂರಿಸಿದರಾ? ಬರೆಯುವವರಾಗಿ ನಿಮಗೆ ಹೆದರಿಕೆ: ಪೂರ್ತಿ ಗೊತ್ತಾಗುವ ತನಕ ನಾನು ಶುರು ಮಾಡಬಾರದಾ? ಎರಡರ ಹಿಂದೆಯೂ ಇರುವ ನಂಬಿಕೆ ಒಂದೇ. ಒಳ್ಳೆ ಕಥೆ ಅಂದರೆ ಮೊದಲೇ ಪೂರ್ತಿ ಗೊತ್ತಿರುವ ಕಥೆ ಅನ್ನುವುದು. ಇಪ್ಪತ್ತು ಚಿಲ್ಲರೆ ವರ್ಷ ಈ ಕೆಲಸ ಮಾಡಿದ್ದೇನೆ. ನನಗೆ ಕಂಡ ಹಾಗೆ ಆ ಮಾತು ಅರ್ಧ ನಿಜ. ಮೊದಲೇ ಗೊತ್ತಿರಬೇಕಾದ್ದು ಒಂದು ಇದೆ. ಆದರೆ ಅದು ಲಾಕೆಟ್ಟಿನ ಇನ್ನರ್ಧ ಅಲ್ಲ.

ಮೊದಲು ಲೆಕ್ಕ ನೋಡಿ, ನೀವು ಲೆಕ್ಕದವರೇ ಅಲ್ವಾ. ವಾರಕ್ಕೆ ಐದು ದಿನ ಅಂದರೂ ವರ್ಷಕ್ಕೆ 260 ಕಂತು. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ಕೂಡಿದರೆ ವರ್ಷಕ್ಕೆ 95 ಗಂಟೆ. ಎರಡೂವರೆ ಗಂಟೆಯ ಸಿನಿಮಾದ ಲೆಕ್ಕದಲ್ಲಿ 38 ಸಿನಿಮಾ. ನಿಮ್ಮ ಪುಟಗಳೂ 38. ಪುಟಕ್ಕೊಂದು ಸಿನಿಮಾ ಬರೆದರೂ ಒಂದೇ ವರ್ಷಕ್ಕೆ ಖಾಲಿ. ಇಷ್ಟನ್ನು ಯಾರೂ ಮೊದಲೇ ಕೂತು ಯೋಚಿಸಿಡುವುದಿಲ್ಲ. ಆಗುವುದೂ ಇಲ್ಲ.

1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಮಾಡಿದಾಗ ಈ ಕಷ್ಟ ಇರಲಿಲ್ಲ. ಸ್ವಾಮಿಯ ಕಥೆ ಬಿಟ್ಟರೆ ಬಹುಪಾಲು ಕಥೆಗಳು ಒಂದೆರಡು ಕಂತಿಗೆ ಮುಗಿಯುತ್ತಿದ್ದವು. 1998ರಲ್ಲಿ ದೂರದರ್ಶನದಲ್ಲಿ 'ಮಾಯಾಮೃಗ' ಬಂತು. ದಿನದ ಧಾರಾವಾಹಿಯ ರುಚಿ ನಮ್ಮ ಮನೆಗಳಿಗೆ ಹತ್ತಿತು. ಅಲ್ಲಿಂದ ಬರೆಯುವವರ ಕೆಲಸದ ಸ್ವರೂಪವೇ ಬದಲಾಯಿತು. ಕಥೆ ಮುಗಿಸುವುದಲ್ಲ, ನಾಳೆಗೆ ಉಳಿಸುವುದು ಕೆಲಸವಾಯಿತು.

ಹಾಗಂತ ದಿನಾ ಬೆಳಗ್ಗೆ ಎದ್ದು ಬಾಯಿಗೆ ಬಂದದ್ದು ಬರೆಯುತ್ತಾರೆ ಅನ್ನುವುದೂ ಸುಳ್ಳು. ಶುರುವಿಗೆ ಮುಂಚೆ ಒಂದು ಕಡತ ಇರುತ್ತದೆ. ಅದಕ್ಕೆ ನಮ್ಮಲ್ಲೂ 'ಬೈಬಲ್' ಅಂತಲೇ ಹೆಸರು. ಯಾರು ಯಾರಿಗೆ ಏನಾಗಬೇಕು, ಯಾರ ಮನಸ್ಸಿನಲ್ಲಿ ಏನಿದೆ, ಕಥೆ ಎತ್ತ ಹೋಗುತ್ತದೆ ಎಲ್ಲ ಅದರಲ್ಲಿರುತ್ತದೆ. ಅದನ್ನು ಟ್ರ್ಯಾಕ್‌ಗಳಾಗಿ ಒಡೆಯುತ್ತೇವೆ. ಒಂದೊಂದು ಟ್ರ್ಯಾಕ್ ಎರಡು ಮೂರು ತಿಂಗಳದ್ದು. ಮದುವೆ ಟ್ರ್ಯಾಕ್, ಆಸ್ತಿ ಟ್ರ್ಯಾಕ್, ಹೀಗೆ. ಟ್ರ್ಯಾಕ್ ಒಡೆದರೆ ವಾರದ ಒನ್‌ಲೈನ್, ಅಂದರೆ ಆ ವಾರ ಏನೇನಾಗುತ್ತದೆ ಅನ್ನುವ ಚುಟುಕು ಸಾರಾಂಶ. ಒನ್‌ಲೈನ್ ಬಿಡಿಸಿದರೆ ದೃಶ್ಯಗಳು. ಕೊನೆಗೆ ಸಂಭಾಷಣೆ. ಹೆಚ್ಚಿನ ಕಡೆ ಕಥೆ, ಚಿತ್ರಕಥೆ, ಸಂಭಾಷಣೆ ಬೇರೆ ಬೇರೆಯವರದ್ದು. ಸಂಭಾಷಣೆಯವರು ರಾತ್ರಿ ಹನ್ನೆರಡಕ್ಕೆ ವಾಟ್ಸಾಪ್‌ನಲ್ಲಿ ದೃಶ್ಯ ಕಳಿಸಿದರೆ ಬೆಳಗ್ಗೆ ಏಳಕ್ಕೆ ಸೆಟ್‌ನಲ್ಲಿ ಲೈಟ್ ಹಾಕಿರುತ್ತಾರೆ.

ಇದರ ನಡುವೆ 'ಬ್ಯಾಂಕಿಂಗ್' ಅಂತ ಒಂದಿದೆ. ಪ್ರಸಾರಕ್ಕೆ ತಯಾರಾಗಿ ಎಷ್ಟು ಕಂತು ಕೈಯಲ್ಲಿದೆ ಅನ್ನುವ ಲೆಕ್ಕ. ಹತ್ತು ಕಂತು ಇದ್ದಾಗ ನಾವೆಲ್ಲ ಜ್ಞಾನಿಗಳು. ಪಾತ್ರದ ಆಳ, ಕಥೆಯ ಹದ ಅಂತೆಲ್ಲ ಮಾತಾಡುತ್ತೇವೆ. ಒಂದು ಕಂತಿಗೆ ಇಳಿದಾಗ ಮಾತು ಒಂದೇ: "ಇವತ್ತು ಯಾರ್ ಕಾಲ್‌ಶೀಟ್ ಇದೆ? ಅವರನ್ನಿಟ್ಟು ಏನ್ ತೆಗೀಬಹುದು?" ನಿಮ್ಮ ಲಾಕೆಟ್ ಇಂಥ ಯಾವುದೋ ಒಂದು ವಾರದಲ್ಲಿ ಕಳೆದುಹೋಗಿರಬೇಕು ಅಂತ ನನ್ನ ಊಹೆ.

ಇನ್ನು ನಿಮ್ಮ ಗೆಳತಿಯ ಮಾತು. ಟಿಆರ್‌ಪಿ ಬರೆಯುವುದಿಲ್ಲ. ಬರೆದದ್ದನ್ನು ಉದ್ದ ಮಾಡುತ್ತದೆ, ಗಿಡ್ಡ ಮಾಡುತ್ತದೆ. ಎಷ್ಟು ಜನ ನೋಡಿದರು ಅನ್ನುವ ನಂಬರ್ ಗುರುವಾರ ಬರುತ್ತದೆ. ಜನ ಯಾವ ವಾರ ಬಿಟ್ಟುಹೋದರು ಅಂತ ಆ ನಂಬರ್ ಹೇಳುತ್ತದೆ. ಯಾಕೆ ಹೋದರು ಅಂತ ಹೇಳುವುದಿಲ್ಲ. 'ಯಾಕೆ' ಅನ್ನುವುದನ್ನು ಮೀಟಿಂಗ್‌ನಲ್ಲಿ ಕೂತವರು ತುಂಬುತ್ತಾರೆ. ಒಂದು ವಾರ ನಮ್ಮ ನಂಬರ್ ಬಿದ್ದಿತ್ತು. ಆ ವಾರ ಎರಡು ದಿನ ಭಾರತದ ಕ್ರಿಕೆಟ್ ಮ್ಯಾಚ್ ಇತ್ತು. ಮೀಟಿಂಗ್‌ನಲ್ಲಿ ಮಾತ್ರ "ಅತ್ತೆ ಪಾತ್ರ ಸಾಫ್ಟ್ ಆಯ್ತು" ಅಂತ ತೀರ್ಮಾನವಾಯಿತು. ಮುಂದಿನ ವಾರದಿಂದ ಆ ಅತ್ತೆ ಕಾಫಿ ಲೋಟ ಎಸೆಯಲು ಶುರು ಮಾಡಿದಳು. ನಂಬರ್ ವಾಪಸ್ ಬಂತು. ಮ್ಯಾಚೂ ಮುಗಿದಿತ್ತು. ಲೋಟ ಎಸೆದದ್ದರಿಂದಲೇ ಬಂತು ಅಂತ ಇವತ್ತಿಗೂ ನಂಬಿರುವವರಿದ್ದಾರೆ.

ಹೊರದೇಶದ ಮಾತು ಹೇಳಿದಿರಿ. ಅದೂ ದೂರದ ಬೆಟ್ಟ. ಅಮೆರಿಕದ 'ಎಕ್ಸ್-ಫೈಲ್ಸ್' 1993ರಲ್ಲಿ ಶುರುವಾಯಿತು. ಅದರಲ್ಲಿ ಎರಡು ಥರದ ಕಂತು ಇದ್ದವು. ಅಂದಿನದು ಅಂದಿಗೆ ಮುಗಿಯುವ ಕಂತು ಒಂದು. ಅನ್ಯಗ್ರಹದವರು, ಸರ್ಕಾರದ ಮುಚ್ಚುಮರೆ ಅಂತ ವರ್ಷಗಟ್ಟಲೆ ಎಳೆ ಹಿಡಿದು ಸಾಗುವ ಕಂತು ಇನ್ನೊಂದು. ಈ ಎರಡನೆಯದನ್ನೇ 'ಮಿಥಾಲಜಿ' ಅಂತ ಕರೆದರು. ದೇವರ ಕಥೆ ಅಂತ ಅರ್ಥ ಅಲ್ಲ. ಮೇಲೆ ನಡೆಯುವ ಕಥೆಯ ಕೆಳಗೆ ಹರಿಯುವ ದೊಡ್ಡ ಹಿನ್ನೆಲೆ ಅಂತ. ಆ ಹಿನ್ನೆಲೆಗೆ ದೊಡ್ಡ ತಿರುವು ಸಿಕ್ಕಿದ್ದು ಹೇಗೆ ಗೊತ್ತಾ? ನಾಯಕಿಯ ಪಾತ್ರ ಮಾಡುತ್ತಿದ್ದ ಗಿಲಿಯನ್ ಆಂಡರ್ಸನ್ ಗರ್ಭಿಣಿಯಾದರು. 1994ರಲ್ಲಿ ಅವರಿಗೆ ರಜೆ ಬೇಕಾಯಿತು. ಬರೆಯುವವರು ಆ ಪಾತ್ರವನ್ನು ಅಪಹರಣ ಮಾಡಿಸಿದರು. ಆ ಅಪಹರಣವೇ ಮುಂದಿನ ವರ್ಷಗಳ ಕಥೆಗೆ ಬೆನ್ನೆಲುಬಾಯಿತು. ಪ್ಲಾನ್ ಅಲ್ಲ, ಹೆರಿಗೆ ರಜೆ.

'ಲಾಸ್ಟ್' ಇನ್ನೂ ಒಳ್ಳೆ ಪಾಠ. 2004ರಲ್ಲಿ ಬಂತು. ದ್ವೀಪ, ಗುಟ್ಟು, ಗುಟ್ಟಿನೊಳಗೆ ಗುಟ್ಟು. ಯಾವಾಗ ಮುಗಿಸಬೇಕು ಅಂತ ಯಾರೂ ಹೇಳದೆ ಇದ್ದುದರಿಂದ ಉತ್ತರ ಕೊಡುವ ಹಾಗಿಲ್ಲ, ಕೊಡದೆ ಇರುವ ಹಾಗಿಲ್ಲ. ಮೂರನೇ ಸೀಸನ್‌ನಲ್ಲಿ ನಾಯಕನ ತೋಳಿನ ಹಚ್ಚೆ ಎಲ್ಲಿಂದ ಬಂತು ಅಂತ ಹಳೇ ಕಥೆ ಹೇಳುವ ಮಟ್ಟಕ್ಕೆ ಬಂದರು. ನಮ್ಮಲ್ಲಿ ಇದಕ್ಕೆ ಎಳೆಯೋದು ಅಂತೀವಿ. ಕೊನೆಗೆ 2007ರ ಮೇ ತಿಂಗಳಲ್ಲಿ ಚಾನೆಲ್ ಒಪ್ಪಿತು. 2010ಕ್ಕೆ ಮುಗಿಸುತ್ತೇವೆ, ಅಲ್ಲಿಯವರೆಗೆ ಇಷ್ಟೇ ಕಂತು ಅಂತ ಪ್ರಕಟಿಸಿದರು. ಉಳಿದ ದಾರಿ ಎಷ್ಟು ಅಂತ ಗೊತ್ತಾದ ಮೇಲೆ ಹೆಜ್ಜೆ ಅಳೆದು ಇಡಲು ಅವರಿಗೆ ಆಯಿತು. ನಮ್ಮ ಧಾರಾವಾಹಿಗಳಿಗೆ ಈ ಭಾಗ್ಯ ಅಪರೂಪ. ನಮಗೆ ಮುಗಿಸುವ ಸುದ್ದಿ ಬರುವುದು ಹೆಚ್ಚಾಗಿ ಕೆಲವೇ ವಾರ ಮುಂಚೆ. ಮೂರು ವರ್ಷ ಮುಚ್ಚಿಟ್ಟದ್ದನ್ನೆಲ್ಲ ಕೊನೆಯ ವಾರ ಒಂದೇ ಹಾಲ್‌ನಲ್ಲಿ ಎಲ್ಲರನ್ನೂ ನಿಲ್ಲಿಸಿ ಬಿಚ್ಚುವುದು ಅದಕ್ಕೇ.

ನಿಜವಾಗಿ ಮೊದಲೇ ಪ್ಲಾನ್ ಮಾಡಿದ ಉದಾಹರಣೆ ಬೇಕಾದರೆ 'ಬ್ಯಾಬಿಲಾನ್ 5'. ಐದು ವರ್ಷದ ಕಥೆ ಅಂತ ಮೊದಲೇ ಇಟ್ಟುಕೊಂಡು ಮಾಡಿದ್ದು. 110 ಕಂತುಗಳಲ್ಲಿ 92ನ್ನು ಅದರ ಕರ್ತೃ ಸ್ಟ್ರಾಸಿನ್ಸ್ಕಿ ಒಬ್ಬರೇ ಬರೆದರು. ಆದರೂ ಮೊದಲ ಸೀಸನ್ ಮುಗಿಯುವಾಗ ಮುಖ್ಯ ನಟ ಹೊರಗೆ ಹೋದರು, ಇನ್ನೊಬ್ಬ ನಾಯಕ ಬಂದ. ಕಥೆ ಬೀಳಲಿಲ್ಲ. ಯಾಕೆಂದರೆ ಪ್ರತಿ ಪಾತ್ರಕ್ಕೂ ಒಂದೊಂದು ಹಿತ್ತಲ ಬಾಗಿಲು ಅವರು ಮೊದಲೇ ಇಟ್ಟಿದ್ದರು. ಯಾರು ಹೋದರೂ ಕಥೆಯಿಂದ ಕಳಿಸಿಕೊಡಲು ಒಂದು ದಾರಿ. ನಾನು ಆ ಸರಣಿಯಿಂದ ಕಲಿತದ್ದು ಇಷ್ಟೇ: ಪ್ಲಾನ್ ಮಾಡುವವರು ಪ್ಲಾನ್ ಕೆಡುವುದನ್ನೂ ಪ್ಲಾನ್ ಮಾಡಿರಬೇಕು.

ಈಗ ನನ್ನದೇ ಒಂದು ಅವಾಂತರ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲಿದೆ.

ರಾಜರಾಜೇಶ್ವರಿ ನಗರದ ಒಂದು ಬಾಡಿಗೆ ಮನೆಯಲ್ಲಿ ಶೂಟಿಂಗ್. ನಾಯಕಿ ಹುಟ್ಟಿದಾಗಲೇ ಅವಳ ತಾಯಿ ಸತ್ತಿದ್ದಾಳೆ ಅಂತ ಬೈಬಲ್‌ನಲ್ಲಿತ್ತು. ಹಾಲ್‌ನಲ್ಲಿ ಹಾರ ಹಾಕಿದ ಫೋಟೋ ಬೇಕಿತ್ತು. ಮೊದಲ ದಿನದ ಗಡಿಬಿಡಿ. ಕಲಾ ವಿಭಾಗದ ಹುಡುಗ ತನ್ನ ಚಿಕ್ಕಮ್ಮನ ಹಳೇ ಫೋಟೋ ತಂದು, ಫ್ರೇಮ್ ಹಾಕಿಸಿ, ಗಂಧದ ಹಾರ ಹಾಕಿ ಗೋಡೆಗೆ ಏರಿಸಿದ. ಚಿಕ್ಕಮ್ಮ ಗಟ್ಟಿಮುಟ್ಟಾಗಿ ಬದುಕಿದ್ದರು. ಟಿವಿಯಲ್ಲಿ ತನ್ನ ಫೋಟೋಗೆ ಹಾರ ನೋಡಿ ಅವನಿಗೆ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ. ಇರಲಿ. ಇನ್ನೂರು ಚಿಲ್ಲರೆ ಕಂತು ಆ ಫೋಟೋ ಅಲ್ಲೇ ಇತ್ತು. ಅದರ ಮುಂದೆ ನಿಂತು ನಾಯಕಿ ಅಳುವ ದೃಶ್ಯ ನಾನೇ ಎಂಟೋ ಒಂಬತ್ತೋ ಬರೆದಿದ್ದೇನೆ.

ಆಮೇಲೊಂದು ಮೀಟಿಂಗ್‌ನಲ್ಲಿ ತಾಯಿ ಬದುಕಿದ್ದಾಳೆ ಅಂತ ತೀರ್ಮಾನವಾಯಿತು. ಹಿರಿಯ ಕಲಾವಿದೆಯೊಬ್ಬರ ಡೇಟ್ ಸಿಕ್ಕಿತ್ತು, ಬಿಡಲು ಮನಸ್ಸಿರಲಿಲ್ಲ. ಪ್ರೋಮೋ ಶೂಟ್‌ಗೆ ಅವರು ಬಂದರು. ಹಾಲ್‌ಗೆ ಕಾಲಿಟ್ಟರು. ಗೋಡೆ ನೋಡಿ "ಇದ್ಯಾರು?" ಅಂದರು.

ಸೆಟ್‌ನಲ್ಲಿ ಒಬ್ಬರೂ ಮಾತಾಡಲಿಲ್ಲ. ಲೈಟ್ ಹುಡುಗರು ಕೂಡ ಫೋಟೋನೇ ನೋಡುತ್ತಾ ನಿಂತರು.

"ಫೋಟೋ ಬದಲಾಯಿಸಿ ಸರ್, ಯಾರೂ ನೋಡಲ್ಲ" ಅಂತ ಒಂದು ಸಲಹೆ ಬಂತು. ನಾನು ಒಪ್ಪಲಿಲ್ಲ. ಸೀರೆ ಅಂಚು ನೆನಪಿಟ್ಟುಕೊಂಡು "ಅದೇ ಸೀರೆ ಹೋದ ವಾರ ನಾದಿನಿ ಉಟ್ಟಿದ್ದಳಲ್ಲ" ಅನ್ನುವ ಜನ ನಮ್ಮವರು. ಅವರು ಫೋಟೋ ಮರೆಯುತ್ತಾರಾ? ಅಂದು ಪ್ರೋಮೋ ನಿಂತಿತು. ರಾತ್ರಿ ನಾಲ್ಕು ಜನ ಕೂತೆವು. ನಮ್ಮಲ್ಲೊಬ್ಬಳು ಸಹಾಯಕಿ ಇದ್ದಳು. ಪ್ರಸಾರವಾದ ಪ್ರತಿ ಕಂತಿನಲ್ಲಿ ಯಾರು ಯಾರಿಗೆ ಏನು ಹೇಳಿದರು ಅಂತ ಒಂದು ದಪ್ಪ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದಳು. ನಾವೆಲ್ಲ ಅದನ್ನು ತಮಾಷೆ ಮಾಡುತ್ತಿದ್ದೆವು. ಅವಳು ಪುಟ ತಿರುವುತ್ತಾ ಕೇಳಿದಳು: "ಸರ್, ಫೋಟೋದಲ್ಲಿರೋದು ಅವಳ ತಾಯಿ ಅಂತ ಕಥೇಲಿ ಯಾರು ಹೇಳಿದ್ದು?"

ಹುಡುಕಿದೆವು. ಅಷ್ಟೂ ಕಂತುಗಳಲ್ಲಿ ಅದನ್ನು ಹೇಳಿದವನು ಒಬ್ಬನೇ. ಅಪ್ಪ.

ಅಲ್ಲಿಯವರೆಗೆ ಆ ಅಪ್ಪ ಸುಮ್ನೆ ಒಳ್ಳೆ ಅಪ್ಪ. ಪೇಪರ್ ಓದುವುದು, ಮಗಳ ತಲೆ ಸವರುವುದು, ಇಷ್ಟೇ ಅವನ ಕೆಲಸ. ಆ ರಾತ್ರಿ ಅವನು ಬೇರೆಯೇ ಮನುಷ್ಯನಾದ. ಇಪ್ಪತ್ತೆರಡು ವರ್ಷ ಯಾರದೋ ಫೋಟೋಗೆ ಹಾರ ಹಾಕಿ, ದಿನಾ ಊದುಬತ್ತಿ ಹಚ್ಚಿ, "ಇವಳೇ ನಿನ್ನ ಅಮ್ಮ" ಅಂದವನು. ಯಾಕೆ? ಮಗಳು ಎಂದಾದರೂ ರಸ್ತೆಯಲ್ಲಿ ತಾಯಿಯನ್ನು ಕಂಡರೆ ಗುರುತು ಹಿಡಿಯಬಾರದು ಅಂತ. ಅವನಿಗೆ ಏನು ಹೆದರಿಕೆ? ಗುರುತು ಸಿಕ್ಕರೆ ಅವನು ಏನು ಕಳೆದುಕೊಳ್ಳುತ್ತಾನೆ? ಈ ಎರಡು ಪ್ರಶ್ನೆಯಿಂದ ನಮಗೆ ಮೂರು ತಿಂಗಳ ಕಥೆ ಸಿಕ್ಕಿತು. ಆ ಧಾರಾವಾಹಿಯಲ್ಲಿ ನನಗೆ ಇವತ್ತಿಗೂ ನಾಚಿಕೆ ಅನ್ನಿಸದ ಭಾಗ ಅದು. ಪೇಪರ್ ಓದುತ್ತಿದ್ದ ಕಲಾವಿದರು ಮೊದಲ ಸಲ ನನಗೆ ಫೋನ್ ಮಾಡಿ "ಏನಪ್ಪಾ, ನನಗೂ ಪಾತ್ರ ಕೊಟ್ಯಲ್ಲ" ಅಂದರು.

ನೋಡಿ, ಗುಟ್ಟು ಬದಲಾಗಿಹೋಗಿತ್ತು. ತಾಯಿ ಸತ್ತಿದ್ದಾಳೆ ಅನ್ನುವುದು ಬದುಕಿದ್ದಾಳೆ ಅಂತಾಯಿತು. ಆದರೂ ನೋಡುವವರಿಗೆ ಮೋಸ ಅನ್ನಿಸಲಿಲ್ಲ. ಗುಟ್ಟು ಕಾಯುವವನು ಸಿಕ್ಕಿದ್ದ, ಅದಕ್ಕೆ. ಉದ್ದ ಕಥೆಗೆ ಮೊದಲೇ ಗೊತ್ತಿರಬೇಕಾದ್ದು ಇದು ಅಂತ ನಾನು ಹೇಳುವುದು. ಏನನ್ನು ಮುಚ್ಚಿಟ್ಟಿದ್ದೀರಿ ಅನ್ನುವುದು ಆಮೇಲಿನ ಮಾತು. ಯಾರು ಮುಚ್ಚಿಟ್ಟಿದ್ದಾರೆ, ಅದು ಬಯಲಾದರೆ ಯಾರ ನಿದ್ದೆ ಹೋಗುತ್ತದೆ ಅನ್ನುವುದು ಮೊದಲು.

ನಮಗೆ ಇದು ಹೊಸದೂ ಅಲ್ಲ. ಮಹಾಭಾರತದಲ್ಲಿ ಅಂಬೆಯನ್ನು ನೋಡಿ. ಸ್ವಯಂವರದಿಂದ ಎತ್ತಿಕೊಂಡು ಬಂದದ್ದು, ಯಾರೂ ಒಪ್ಪಿಕೊಳ್ಳದೆ ಹೋದದ್ದು, ಭೀಷ್ಮನ ಸಾವಿಗೆ ಕಾರಣವಾಗುತ್ತೇನೆ ಅಂದದ್ದು ಎಲ್ಲ ಶುರುವಿನಲ್ಲೇ ಆಗುತ್ತದೆ. ಫಲ ಸಿಗುವುದು ಕುರುಕ್ಷೇತ್ರದ ಹತ್ತನೇ ದಿನ, ಶಿಖಂಡಿ ಎದುರು ನಿಂತಾಗ. ನಡುವೆ ಎಷ್ಟು ಪರ್ವ, ಎಷ್ಟು ಉಪಕಥೆ! ಹಳ್ಳಿಯಲ್ಲಿ ರಾತ್ರಿಯಿಡೀ ಆಟ ನೋಡುವವರಿಗೆ ಕೊನೆ ಮೊದಲೇ ಗೊತ್ತು. ಆದರೂ ಕೂರುತ್ತಾರೆ. ಭೀಷ್ಮ ತನ್ನ ಪ್ರತಿಜ್ಞೆ ಬಿಡುವವನಲ್ಲ, ಅಂಬೆ ತನ್ನ ಸಿಟ್ಟು ಬಿಡುವವಳಲ್ಲ. ಇಬ್ಬರೂ ಹಿಡಿದುಕೊಂಡಿದ್ದಾರೆ. ಎಳೆ ತುಂಡಾಗದೆ ಇರುವುದು ಅದರಿಂದ. ನಿಮ್ಮ ಧಾರಾವಾಹಿಯ ಲಾಕೆಟ್ಟನ್ನು ಯಾರು ಹಿಡಿದುಕೊಂಡಿದ್ದರು? ನೀವು ಬರೆದದ್ದು ನೋಡಿದರೆ ಯಾರೂ ಇಲ್ಲ. ಅದು ಕುತ್ತಿಗೆಯಲ್ಲಿ ನೇತಾಡುತ್ತಿತ್ತು, ಅಷ್ಟೇ. ಹಾಗಾಗಿ ಮರೆಯುವುದೂ ಸುಲಭವಾಯಿತು.

ಈಗ ನಿಮ್ಮ ಬಾವಿಗೆ ಬರೋಣ. 38 ಪುಟ ಹರಿಯಬೇಡಿ. ಆದರೆ ಸ್ವಲ್ಪ ದಿನ ಬೀರುವಿನಲ್ಲಿಡಿ. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೇಲ್ಗಡೆ ಸಾಲಾಗಿ ಪಾತ್ರಗಳ ಹೆಸರು. 27 ಬೇಡ, ಏಳು ಸಾಕು. ಎಡಗಡೆ ಬಾವಿಗೆ ಸಂಬಂಧಿಸಿದ ಸಂಗತಿಗಳು: ಅಂದು ರಾತ್ರಿ ಏನಾಯಿತು, ಯಾರು ಮಾಡಿದರು, ಬಾವಿ ಮುಚ್ಚಿಸಿದ್ದು ಯಾರು, ಶಾಪದ ಮಾತು ಹುಟ್ಟಿಸಿದ್ದು ಯಾರು. ಹಾಳೆಯ ಪ್ರತಿ ಚೌಕದಲ್ಲಿ ಮೂರರಲ್ಲಿ ಒಂದನ್ನು ಬರೆಯಿರಿ: ಗೊತ್ತು, ಗೊತ್ತಿಲ್ಲ, ತಪ್ಪು ಗೊತ್ತು.

ಬಂಗಾರ ಇರುವುದು ಮೂರನೆಯದರಲ್ಲಿ. ಅಜ್ಜಿಗೆ ಎಲ್ಲ ಗೊತ್ತು ಅಂದುಕೊಳ್ಳಿ. ಮಗನಿಗೆ ಅರ್ಧ ಗೊತ್ತು. ಮನೆಕೆಲಸದ ಹೆಂಗಸು ಆ ರಾತ್ರಿ ಹಿತ್ತಲಲ್ಲಿ ದೀಪ ನೋಡಿದ್ದಾಳೆ, ದೀಪ ಹಿಡಿದವರು ದೊಡ್ಡ ಯಜಮಾನರು ಅಂತ ನಲವತ್ತು ವರ್ಷದಿಂದ ನಂಬಿದ್ದಾಳೆ. ಅದಕ್ಕೇ ಅವರ ಶ್ರಾದ್ಧದ ಊಟ ಅವಳು ಮುಟ್ಟುವುದಿಲ್ಲ. ನಿಜವಾಗಿ ದೀಪ ಹಿಡಿದವರು ಅಜ್ಜಿ. ಈಗ ಹೊಸ ಸೊಸೆ ಒಂದು ಬೆಳಗ್ಗೆ ಕೇಳುತ್ತಾಳೆ, "ನೀವ್ಯಾಕೆ ಈ ದಿನ ಊಟ ಮಾಡಲ್ಲ?" ಅಜ್ಜಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಾರೆ. ಇದು ನಿಮ್ಮ ಮೊದಲ ಕಂತು ಆಗಬಹುದು. 1943 ಬೇಕಾಗಲಿಲ್ಲ ನೋಡಿ.

ಶಾಪದ ಬಗ್ಗೆ ಒಂದು ಎಚ್ಚರಿಕೆ. ದೆವ್ವವೋ ದೈವವೋ ಏನೇ ಇರಲಿ, ಅದು ಏನು ಮಾಡಲಾರದು ಅಂತ ಮೊದಲು ಬರೆದಿಟ್ಟುಕೊಳ್ಳಿ. ನಮ್ಮ ಊರುಗಳಲ್ಲಿ ಇಂಥ ಕಥೆ ಹೇಳುವವರು ನಿಯಮ ಸೇರಿಸಿಯೇ ಹೇಳುತ್ತಾರೆ. ಅಮಾವಾಸ್ಯೆ ದಿನ ಆ ಕಡೆ ಹೋಗಬೇಡ, ಕರೆದರೆ ಮೂರನೇ ಸಲದ ತನಕ ಓಗೊಡಬೇಡ, ಹೀಗೆ. ಹೆದರಿಕೆ ಇರುವುದೇ ಆ ನಿಯಮದಲ್ಲಿ. ಏನು ಬೇಕಾದರೂ ಮಾಡಬಲ್ಲ ದೆವ್ವಕ್ಕೆ ಎರಡನೇ ತಿಂಗಳಿಂದ ಯಾರೂ ಹೆದರುವುದಿಲ್ಲ. ನಿಮ್ಮ ಶಾಪ ಸೊಸೆಯರಿಗೆ ಮಾತ್ರ ತಟ್ಟುತ್ತದೆ ಅಂದಮೇಲೆ ಎಂಟನೇ ತಿಂಗಳಲ್ಲಿ ಯಾರೋ ಹೇಳಿದರು ಅಂತ ಮಗಳಿಗೆ ತಟ್ಟಿಸಬೇಡಿ. ತಟ್ಟಿಸಲೇಬೇಕಾಗಿ ಬಂದರೆ, ಆ ಮಗಳು ಯಾವುದೋ ಲೆಕ್ಕದಲ್ಲಿ ಸೊಸೆಯೂ ಹೌದು ಅನ್ನುವ ಹಾಗೆ ಮಾಡಿ. ಆಗ ಅದೇ ಒಂದು ಕಥೆ.

ಇನ್ನು ದಾರಿಗಳು. ಎಲ್ಲವನ್ನೂ ಮೊದಲೇ ಕಟ್ಟಿ ಹೊರಡುವುದು ಒಂದು. ಎಂಟು ಹತ್ತು ಕಂತಿನ ವೆಬ್ ಸರಣಿಗೆ ಇದೇ ಸರಿ. ದಿನದ ಧಾರಾವಾಹಿಗೆ ಅಪಾಯ. ಪಾತ್ರಗಳು ನಿಮ್ಮ ಪ್ಲಾನ್ ಹೊರುವ ಕೂಲಿಗಳಾಗುತ್ತಾರೆ. ಜೊತೆಗೆ ಒಬ್ಬ ಕಲಾವಿದೆ ಮದುವೆಯಾಗಿ ಹೊರಟರೆ ಅರ್ಧ ಗೋಪುರ ಕುಸಿಯುತ್ತದೆ. ಕೊನೆ ಗೊತ್ತಿಲ್ಲದೆ ಹೊರಡುವುದು ಇನ್ನೊಂದು. ಬಹಳ ಜನ ಹೀಗೇ ಮಾಡುತ್ತಾರೆ. ಮೊದಲ ಆರು ತಿಂಗಳು ತುಂಬಾ ಲವಲವಿಕೆ ಇರುತ್ತದೆ, ಬೇಕಾದಷ್ಟು ಬಾಗಿಲು ತೆರೆಯಬಹುದು. ಆಮೇಲೆ ಸಾಲ ಬೆಳೆಯುತ್ತದೆ. ನಿಮ್ಮ ಭಾಷೆಯಲ್ಲೇ ಹೇಳುವುದಾದರೆ, ತೆರೆಯ ಮೇಲೆ ತೋರಿಸಿದ ಒಂದೊಂದು ಗುಟ್ಟೂ ನೋಡುವವರ ಹತ್ತಿರ ಮಾಡಿದ ಸಾಲ. ಬಡ್ಡಿ ಏರುತ್ತಲೇ ಇರುತ್ತದೆ.

ನಾನು ಬಳಸುವುದು ನಡುವಿನದ್ದು. ಕೊನೆಯ ದೃಶ್ಯ ಗೊತ್ತಿರಲಿ: ಯಾರು ಯಾರ ಮುಂದೆ ನಿಂತು ಏನನ್ನು ಒಪ್ಪಿಕೊಳ್ಳುತ್ತಾರೆ. ನಡುವೆ ಮೂರೋ ನಾಲ್ಕೋ ತಂಗುದಾಣ ಇರಲಿ. ಪ್ರತಿ ತಂಗುದಾಣದಲ್ಲಿ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟುಬಿಡಿ. ಜಿಪುಣತನ ಬೇಡ. 'ಏನಾಯಿತು' ಅನ್ನುವುದು ಗೊತ್ತಾದ ಮೇಲೆ 'ಯಾರು' ಉಳಿಯುತ್ತದೆ. 'ಯಾರು' ಗೊತ್ತಾದ ಮೇಲೆ 'ಯಾಕೆ' ಉಳಿಯುತ್ತದೆ. 'ಯಾಕೆ' ಒಂದರಿಂದಲೇ ಒಂದು ವರ್ಷ ಓಡಿಸಬಹುದು. ದಾರಿಯ ಉಳಿದದ್ದನ್ನು ಖಾಲಿ ಬಿಡಿ. ಇದಕ್ಕೂ ಅಪಾಯ ಇದೆ. ನಾಳೆಯೇ ಮುಗಿಸಿ ಅಂದರೆ ಕೊನೆಯ ದೃಶ್ಯಕ್ಕೆ ಹಾರಬೇಕಾಗುತ್ತದೆ. ಐದು ವರ್ಷ ಓಡಿಸಿ ಅಂದರೆ ತಂಗುದಾಣಗಳು ಸಾಲುವುದಿಲ್ಲ. ಎರಡೂ ನನಗೆ ಆಗಿದೆ. ಮೊದಲನೆಯದು ಕಡಿಮೆ ನೋವು.

ಏನೇ ಮಾಡಿ, ನೋಟ್‌ಬುಕ್ ಮಾತ್ರ ಇಡಿ. ಬೈಬಲ್ ಅಲ್ಲ. ಬೈಬಲ್‌ನಲ್ಲಿರುವುದು ನೀವು ಅಂದುಕೊಂಡದ್ದು. ನೋಟ್‌ಬುಕ್‌ನಲ್ಲಿರಬೇಕಾದ್ದು ಜನ ನೋಡಿದ್ದು. ಜಗಳ ಬಂದರೆ ಗೆಲ್ಲಬೇಕಾದ್ದು ಎರಡನೆಯದು. ಒಂದು ಎಕ್ಸೆಲ್ ಶೀಟ್ ಸಾಕು. ಆ ವಿಷಯದಲ್ಲಿ ನೀವು ನನಗಿಂತ ಜಾಣೆ ಅಂತ ಕಾಣುತ್ತದೆ. ಯಾವುದಾದರೂ ಚಾನೆಲ್‌ಗೆ ತೆಗೆದುಕೊಂಡು ಹೋಗುವಾಗ 38 ಪುಟ ಕೊಡಬೇಡಿ, ಯಾರೂ ಓದುವುದಿಲ್ಲ. ನಾಲ್ಕು ಪುಟ, ಏಳು ಪಾತ್ರ, ಮೊದಲ ತಿಂಗಳ ಒನ್‌ಲೈನ್. ಕೇಳಿದರೆ ಉಳಿದದ್ದು ಬಾಯಲ್ಲಿ ಹೇಳಿ.

ಇನ್ನು ಅತ್ತೆಯವರ ಪ್ರಶ್ನೆ. ಬರೆದವರಿಗೆ ಗೊತ್ತಿತ್ತು, ಈಗಿರುವವರು ಆ ಬರೆದವರಲ್ಲದೆ ಇರಬಹುದು ಅನ್ನಿ. ಇಂಥ ವಸ್ತುಗಳನ್ನು ಬಿಸಾಡುವುದಿಲ್ಲ. ಕಲಾ ವಿಭಾಗದವರ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಎರಡು ಅರ್ಧವೂ ಒಟ್ಟಿಗೆ, ಒಂದೇ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿರುತ್ತಾರೆ. ಮುಂದಿನ ದಿನಗಳಲ್ಲಿ ಯಾವುದಾದರೂ ಪ್ರೋಮೋದಲ್ಲಿ ಹಳೇ ಟ್ರಂಕ್ ತೆರೆಯುವ ಕೈಯೊಂದನ್ನು ಕ್ಲೋಸಪ್‌ನಲ್ಲಿ ತೋರಿಸಿದರೆ ಅತ್ತೆಯನ್ನು ಅಡುಗೆಮನೆಯಿಂದ ಕರೆಯಿರಿ.